ಕಾಯುವ ವರ್ಷಗಳ ಸಾಲ

ರಾಜ್ಯಶಾಸ್ತ್ರ ಓದಿದವರಿಗೆ ಸಂಬಳ ಕಡಿಮೆ, ಸಾಲ ಜಾಸ್ತಿ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಬಿಎ ಮುಗಿಸಲು ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಸಾಕು. ವಿಶ್ವವಿದ್ಯಾಲಯದ ಎಂಎ ಖರ್ಚು ಕೂಡ ಎಂಜಿನಿಯರಿಂಗ್ ಸೀಟಿನ ಮುಂದೆ ಏನೂ ಅಲ್ಲ. ಈ ಪದವಿಗೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದವರನ್ನು ನಾನು ಹೆಚ್ಚು ಕಂಡಿಲ್ಲ. ಸಾಲ ಹುಟ್ಟುವುದು ಪದವಿ ಕೈಗೆ ಬಂದ ಮೇಲೆ, ನೌಕರಿಗಾಗಿ ಕಾಯುವ ವರ್ಷಗಳಲ್ಲಿ. ಆ ಸಾಲ ಶಿಕ್ಷಣ ಸಾಲದ ಲೆಕ್ಕಕ್ಕೆ ಸಿಗುವುದಿಲ್ಲ. ಅಡವಿಟ್ಟ ಅವ್ವನ ಸರದಲ್ಲಿ, ಅಪ್ಪನ ಪಹಣಿಯ ಮೇಲಿನ ಬೋಜಾದಲ್ಲಿ, ಅಕ್ಕನ ಸ್ವಸಹಾಯ ಸಂಘದ ಪಾಸ್‌ಬುಕ್ಕಿನಲ್ಲಿ ಅದು ಹಂಚಿಹೋಗಿರುತ್ತದೆ.

ನಾನು ಧಾರವಾಡದಲ್ಲಿ ಎಂಎ ಮುಗಿಸಿದಾಗ ನಮ್ಮ ತರಗತಿಯವರು ಮೂರು ದಾರಿ ಹಿಡಿದರು. ಕೆಲವರು ಕೆಎಎಸ್, ಐಎಎಸ್ ಕೋಚಿಂಗ್‌ಗೆ ಹೋದರು. ಕೆಲವರು ಬಿಎಡ್ ಸೇರಿದರು. ನಮ್ಮಂಥ ಕೆಲವರು ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಓದುತ್ತಾ ಅತಿಥಿ ಉಪನ್ಯಾಸಕರಾದೆವು. ನನಗೆ ಪಾಠ ಹೇಳುವುದು ಇಷ್ಟದ ಕೆಲಸ, ಇಂದಿಗೂ ಇಷ್ಟವೇ. ಆದರೆ ಗೌರವಧನ ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಎರಡು ಮೂರು ತಿಂಗಳದ್ದು ಕೂಡಿ ಒಟ್ಟಿಗೆ ಬರುತ್ತಿತ್ತು. ಅದು ಬರುವ ಹೊತ್ತಿಗೆ ಬಾಡಿಗೆ, ಕಿರಾಣಿ ಅಂಗಡಿಯ ಉದ್ದರಿ, ಗೆಳತಿಯ ಕೈಗಡ ಎಲ್ಲವೂ ಸಾಲಾಗಿ ನಿಂತಿರುತ್ತಿದ್ದವು. ಆದಾಯ ಕಡಿಮೆ ಎಂಬುದಕ್ಕಿಂತ ಅದು ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದೇ ಸಾಲಕ್ಕೆ ದೊಡ್ಡ ಕಾರಣ ಎಂದು ಆಗಲೇ ಅರಿತೆ.

ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರ ಆರಂಭದವರೆಗೆ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11,000 ಅಥವಾ 13,000 ರೂಪಾಯಿ ಇತ್ತು. ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಏರಿಸಿತು. ಜೊತೆಗೆ ವಾರದ ಬೋಧನಾ ಅವಧಿಯನ್ನೂ 15 ಗಂಟೆಗೆ ಏರಿಸಿದ್ದರಿಂದ ಉಳಿದವರ ಕೈಗೆ ಹಣ ಬಂತು, ಹಲವರ ಕೈಯಿಂದ ತರಗತಿಯೇ ಹೋಯಿತು. ಈ ಹಣ ಕಾಲೇಜು ನಡೆಯುವ ತಿಂಗಳುಗಳಿಗೆ ಮಾತ್ರ. ಹತ್ತು ತಿಂಗಳು ಎಂದು ಹಿಡಿದರೆ 32,000 ಪಡೆಯುತ್ತಿದ್ದವರ ವರ್ಷದ ಗಳಿಕೆ ಆಗ 3,20,000; ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 26,700ರ ಆಸುಪಾಸು. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ಯುಜಿಸಿ ಏಳನೇ ವೇತನ ಶ್ರೇಣಿಯಲ್ಲಿ 57,700, ಮೇಲೆ ತುಟ್ಟಿಭತ್ಯೆ. ವಿಷಯ ಒಂದೇ, ಪದವಿ ಒಂದೇ, ಹುದ್ದೆ ಕಾಯಂ ಆದದ್ದಷ್ಟೇ ವ್ಯತ್ಯಾಸ. ಹಾಗಾಗಿ ರಾಜ್ಯಶಾಸ್ತ್ರ ಪದವೀಧರರ ಸರಾಸರಿ ಆದಾಯ ಎಷ್ಟೆಂದು ಕೇಳಿದರೆ ಬರುವ ಉತ್ತರ ಯಾರ ಬದುಕಿಗೂ ಹೊಂದುವುದಿಲ್ಲ.

ಕೋಚಿಂಗ್ ದಾರಿಯ ಲೆಕ್ಕ ಇನ್ನೂ ಕಠಿಣ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದ ಹುಡುಗ ಹುಡುಗಿಯರ ಖರ್ಚು ಕೋಚಿಂಗ್ ಫೀಸಿನೊಂದಿಗೆ ಮುಗಿಯುವುದಿಲ್ಲ. ಫೀಸಿನ ಮೇಲೆ ಶೇ 18ರ ಜಿಎಸ್‌ಟಿ, ಪಿಜಿ ಬಾಡಿಗೆ, ಮೆಸ್, ಲೈಬ್ರರಿಯಲ್ಲಿ ಕೂರುವ ಸೀಟಿಗೆ ತಿಂಗಳ ಶುಲ್ಕ, ಟೆಸ್ಟ್ ಸೀರೀಸ್, ಅರ್ಜಿ ಶುಲ್ಕ, ಪರೀಕ್ಷೆಗೆ ಹೋಗಿಬರುವ ಬಸ್ಸಿನ ಖರ್ಚು. ಎಲ್ಲ ಸೇರಿ ತಿಂಗಳಿಗೆ 12,000 ಎಂದು ಹಿಡಿಯೋಣ. ಮೂರು ವರ್ಷಕ್ಕೆ 4,32,000. ಅದೇ ಅವಧಿಯಲ್ಲಿ ಊರಲ್ಲೋ ಪಟ್ಟಣದಲ್ಲೋ ತಿಂಗಳಿಗೆ 15,000 ದುಡಿಯಬಹುದಿತ್ತು ಎಂದುಕೊಂಡರೆ ಕೈಬಿಟ್ಟ ಗಳಿಕೆ 5,40,000. ಎರಡೂ ಸೇರಿ 9,72,000. ಕಡಿಮೆ ಫೀಸಿನ ಬಿಎಯ ನಿಜವಾದ ಬೆಲೆ ಇಲ್ಲಿದೆ.

ಈ ಕಾಯುವಿಕೆ ಎಷ್ಟು ದಿನ ಎಂಬುದು ಅಭ್ಯರ್ಥಿಯ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ದೋಷಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ನಡೆಯಿತು. ಪ್ರತಿ ಮುಂದೂಡಿಕೆಯೂ ಸಾವಿರಾರು ಮನೆಗಳಲ್ಲಿ ಬಡ್ಡಿಯಾಗುತ್ತದೆ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯ ವರ್ಗದವರು 32, ಒಬಿಸಿಯವರು 35, ಪರಿಶಿಷ್ಟರು 37 ವರ್ಷದವರೆಗೆ ಬರೆಯಬಹುದು. ವಯಸ್ಸಿಗೆ ಮಿತಿ ಇದೆ, ಖರ್ಚಿಗೆ ಮಿತಿ ಇಲ್ಲ. ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ನಮ್ಮ ಮನೆಯಲ್ಲೂ ಕೋಚಿಂಗ್‌ನ ಮಾತು ಬಂದಿತ್ತು. ದಿಲ್ಲಿಗೆ ಹೋಗಿ ಓದುತ್ತೀಯಾ ಎಂದು ಅವ್ವ ಕೇಳಿದಳು. “ಬಂಗಾರ ಮತ್ತ ಮಾಡಿಸಬಹುದವಾ, ನಿನ್ನ ವಯಸ್ಸು ಮತ್ತ ಬರೂದಿಲ್ಲ” ಎಂದಳು. ಆ ಪ್ರೀತಿಗೆ ಬೆಲೆ ಕಟ್ಟಲಾಗದು. ಆದ್ದರಿಂದಲೇ ಅವಳ ಬಂಗಾರವನ್ನು ಅಡವಿಡುವ ಮೊದಲು ನಾವು ಕೂತು ಲೆಕ್ಕ ಬರೆದೆವು: ಎಷ್ಟು ಹಣ, ಯಾವ ತಾರೀಕಿನವರೆಗೆ, ಆಗದಿದ್ದರೆ ಮುಂದೇನು. ಬರೆದು ನೋಡಿದ ಮೇಲೆ ನಾನು ದಿಲ್ಲಿಗೆ ಹೋಗಲಿಲ್ಲ. ಕೆ-ಸೆಟ್ ಓದುತ್ತಲೇ, ರಜೆಯ ತಿಂಗಳುಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗಾಗಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡಲು ಶುರು ಮಾಡಿದೆ. ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿಯನ್ನು ತರಗತಿಯಲ್ಲಿ ಓದಿದ್ದೆ. ಇಲ್ಲಿ ಅದು ಕೂಲಿ ಕೊಡುವ ವಿದ್ಯೆಯಾಯಿತು. ವಾರ್ಡ್ ಸಭೆ ಹೇಗೆ ಕರೆಯಬೇಕು, ಪಂಚಾಯಿತಿ ಬಜೆಟ್ ಹೇಗೆ ಓದಬೇಕು ಎಂದು ಮೊದಲ ಬಾರಿ ಗೆದ್ದ ಹೆಣ್ಣುಮಕ್ಕಳಿಗೆ ಹೇಳಿಕೊಡುವವರು ಈ ನಾಡಿಗೆ ಬೇಕು. ಕಾಲೇಜಿನ ಗೌರವಧನ ನಿಂತ ತಿಂಗಳುಗಳನ್ನು ಆ ಕೆಲಸ ದಾಟಿಸಿತು.

ಈ ಓದು ಓದಿದವರಿಗೆ ಮತ್ತು ಅವರ ತಂದೆತಾಯಿಯರಿಗೆ ನಾನು ಹೇಳುವುದಿಷ್ಟು.

ಮೊದಲನೆಯದು, ತಯಾರಿಗೆ ಕೂರುವ ಮುನ್ನ ಮೊತ್ತ ಮತ್ತು ಕೊನೆಯ ದಿನ ಎರಡನ್ನೂ ಬರೆದಿಡಿ. ಪರೀಕ್ಷೆ ಮುಂದೆ ಹೋದರೆ ಓದು ಮುಂದುವರಿಯಲಿ, ಆದರೆ ಸಾಲದ ಮೇಲೆ ಅಲ್ಲ, ದುಡಿಮೆಯ ಮೇಲೆ. ಸಮಾಜ ಕಲ್ಯಾಣ ಇಲಾಖೆಯ ಉಚಿತ ಪರೀಕ್ಷಾ ಪೂರ್ವ ತರಬೇತಿಗೆ ಅರ್ಹತೆ ಇದೆಯೇ ಎಂದು ಮೊದಲೇ ವಿಚಾರಿಸಿ. ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ ತಿಂಗಳಿಗೆ 3,000 ರೂಪಾಯಿ ಎರಡು ವರ್ಷಕ್ಕೆ 72,000 ಆಗುತ್ತದೆ. ಪುಸ್ತಕ, ಅರ್ಜಿ ಶುಲ್ಕಕ್ಕೆ ಅದು ಸಾಕು, ಬೆಂಗಳೂರಿನ ಬಾಡಿಗೆಗೆ ಸಾಲದು.

ಎರಡನೆಯದು, ಸಾಲದ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ನೋಡಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಸಣ್ಣದು. ಅದು ವರ್ಷಕ್ಕೆ ಶೇ 24. ಮೂರು ರೂಪಾಯಿ ಎಂದರೆ ಶೇ 36, ಒಂದು ಲಕ್ಷಕ್ಕೆ 36,000. ಕೈಗೆ ಹಣ ಬಂದಾಗ ಮೊದಲು ತೀರಬೇಕಾದದ್ದು ಇಂಥ ಖಾಸಗಿ ಬಡ್ಡಿ ಸಾಲ ಮತ್ತು ಮೊಬೈಲ್ ಆ್ಯಪ್ ಸಾಲ, ಆಮೇಲೆ ಚಿನ್ನದ ಸಾಲ, ಕೊನೆಗೆ ಬ್ಯಾಂಕಿನ ಶಿಕ್ಷಣ ಸಾಲ.

ಮೂರನೆಯದು, ಬ್ಯಾಂಕಿನ ಶಿಕ್ಷಣ ಸಾಲ ಮಾನ್ಯತೆ ಪಡೆದ ಕೋರ್ಸಿಗೆ ಸಿಗುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆ ಸಿಗುವುದಿಲ್ಲ. ಮೂರು ವರ್ಷದ ಎಲ್‌ಎಲ್‌ಬಿ, ಎರಡು ವರ್ಷದ ಬಿಎಡ್, ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಗಳಿಗೆ ಅದನ್ನು ಯೋಚಿಸಬಹುದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದಷ್ಟು ಸಾಲಕ್ಕೆ ಅಡಮಾನ ಬೇಕಿಲ್ಲ. ಕೋರ್ಸಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 4 ಲಕ್ಷಕ್ಕೆ ಶೇ 10ರಂತೆ ಮೂರು ವರ್ಷಕ್ಕೆ 1,20,000 ಸೇರಬಹುದು. ತಿಂಗಳಿಗೆ ಸಾವಿರವಾದರೂ ಬಡ್ಡಿಗೆ ಕಟ್ಟುತ್ತಾ ಬಂದರೆ ಮುಂದಿನ ಕಂತು ಹಗುರಾಗುತ್ತದೆ. ಕಂತು ತಪ್ಪಿದರೆ ಜೊತೆಗೆ ಸಹಿ ಹಾಕಿದ ತಂದೆಯ ಸಿಬಿಲ್ ಅಂಕವೂ ಕುಸಿಯುತ್ತದೆ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿರಿ.

ನಾಲ್ಕನೆಯದು, ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಶಿಷ್ಯವೇತನ ಜೆಆರ್‌ಎಫ್ ಅನ್ನು ಮರೆಯಬೇಡಿ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಓದುವುದಕ್ಕೇ ಹಣ ಕೊಡುವ ದಾರಿಗಳಲ್ಲಿ ನಮ್ಮ ವಿಷಯದವರಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ.

ಇನ್ನು ಸರ್ಕಾರಕ್ಕೊಂದು ಮಾತು. ಯುಪಿಎಸ್‌ಸಿ ಪ್ರತಿ ವರ್ಷ ಪರೀಕ್ಷೆಗಳ ವೇಳಾಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ನಮ್ಮ ರಾಜ್ಯದ ನೇಮಕಾತಿಗೂ ಹಾಗೆ ತಾರೀಕು ಗೊತ್ತಾಗಿ, ಆ ತಾರೀಕಿಗೇ ಪರೀಕ್ಷೆ, ಆ ತಾರೀಕಿಗೇ ಫಲಿತಾಂಶ ಬಂದರೆ ಈ ಮನೆಗಳಿಗೆ ಅದಕ್ಕಿಂತ ದೊಡ್ಡ ಸಾಲಮನ್ನಾ ಬೇಡ. ಸರ್ಕಾರ ಹೇಗೆ ನಡೆಯಬೇಕೆಂದು ಓದಿದವರು ನಾವು. ಈ ಬೇಡಿಕೆಯನ್ನು ಗಟ್ಟಿಯಾಗಿ ಇಡಬೇಕಾದವರೂ ನಾವೇ. ಅದು ಈಡೇರುವವರೆಗೆ ಮನೆಮನೆಯೂ ತನ್ನ ತಾರೀಕನ್ನು ತಾನೇ ಬರೆದುಕೊಳ್ಳಲಿ.