ನಲವತ್ತೇಳರಲ್ಲಿ ಮತ್ತೆ ಕಲಿಯಬಹುದೇ?

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ವಯಸ್ಸು 47. ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿದಾಗ ವಾರ್ಡಿನಲ್ಲಿ ಎಲ್ಲ ವಯಸ್ಸಿನವರೂ ಇರುತ್ತಿದ್ದರು. ಈಗ ಅರ್ಧಕ್ಕೂ ಹೆಚ್ಚು ಹಾಸಿಗೆಗಳಲ್ಲಿ ಎಪ್ಪತ್ತು ದಾಟಿದ ಅಜ್ಜ-ಅಜ್ಜಿಯರೇ. ಕಳೆದ ತಿಂಗಳು ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜ ಡ್ರಿಪ್ ಕಿತ್ತುಕೊಂಡು ಕೂಗಾಡಿದರು. ವಯಸ್ಸಾಗಿದೆ, ಅರುಳು ಮರುಳು ಎಂದುಕೊಂಡು ಕೈ ಕಟ್ಟಿದೆವು. ಬೆಳಿಗ್ಗೆ ಬಂದ ಹೊಸ ಡಾಕ್ಟರ್, ‘ಸಿಸ್ಟರ್, ಇವರು ನಿನ್ನೆ ಹೇಗಿದ್ದರು?’ ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಪರೀಕ್ಷಿಸಿದಾಗ ಅಜ್ಜನಿಗೆ ಮೂತ್ರ ಕಟ್ಟಿಕೊಂಡಿತ್ತು. ನೋಂದಣಿ ನವೀಕರಣಕ್ಕೆಂದು ಆನ್‌ಲೈನ್ ತರಗತಿಗಳಿಗೆ ಹಾಜರಾಗಿ ಸರ್ಟಿಫಿಕೇಟ್ ತೆಗೆದುಕೊಂಡಿದ್ದೇನೆ, ತಲೆಯಲ್ಲಿ ಏನೂ ಉಳಿದಿಲ್ಲ. ಗೆಳತಿಯೊಬ್ಬಳು ಒಂದು ವರ್ಷದ ಕೋರ್ಸಿಗೆ ಸೇರು ಎನ್ನುತ್ತಾಳೆ. ನನಗೆ ಇಂಗ್ಲಿಷ್ ಓದುವುದು ನಿಧಾನ. ಮನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಈ ವಯಸ್ಸಿನಲ್ಲಿ ಓದಬೇಕೇ? ಓದಿದರೆ ತಲೆಗೆ ಹತ್ತುತ್ತದೆಯೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸೋದರಿ, ಓದಬೇಕು, ತಲೆಗೂ ಹತ್ತುತ್ತದೆ. ಆದರೆ ಕೋರ್ಸಿನ ಅರ್ಜಿಯಿಂದ ಶುರು ಮಾಡಬೇಡಿ, ನಿಮ್ಮ ವಾರ್ಡಿನಿಂದಲೇ ಶುರು ಮಾಡಿ.

ಮೊದಲು ಮನಸ್ಸಿನ ಭಾರ ಇಳಿಸಿಕೊಳ್ಳಿ. ಇದು ನಿಮ್ಮೊಬ್ಬರ ಅಲಕ್ಷ್ಯದಿಂದ ಆದದ್ದಲ್ಲ. ವೃದ್ಧರ ಚಿಕಿತ್ಸೆಯಲ್ಲಿ ಎಂ.ಡಿ. ಓದು ಭಾರತದಲ್ಲಿ ಮೊದಲು ಆರಂಭವಾದದ್ದೇ 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010-11ರಲ್ಲಿ. ಅಷ್ಟರೊಳಗೆ, 2011ರ ಜನಗಣತಿಯ ಪ್ರಕಾರ, ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ನೀವು ಜಿಎನ್‌ಎಂ ಓದುತ್ತಿದ್ದಾಗ ನಿಮಗೆ ಪಾಠ ಹೇಳುತ್ತಿದ್ದವರಿಗೂ ಇದು ಹೊಸ ವಿಷಯವೇ. ವಾರ್ಡಿನಲ್ಲಿ ರೋಗಿಗಳ ವಯಸ್ಸು ಏರಿದ ವೇಗಕ್ಕೆ ನಮ್ಮ ಪಠ್ಯ ಏರಲಿಲ್ಲ.

ಆನ್‌ಲೈನ್ ತರಗತಿ ತಲೆಯಲ್ಲಿ ಉಳಿಯದಿರುವುದಕ್ಕೂ ನಿಮ್ಮ ವಯಸ್ಸನ್ನು ದೂರಬೇಡಿ. ವೈದ್ಯರ ಮುಂದುವರಿದ ಶಿಕ್ಷಣದ ಪ್ರಯೋಗಗಳನ್ನು ಕೆನಡಾದ ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದವರ ಕೆಲಸದ ರೀತಿ ಬದಲಾಗಲಿಲ್ಲ. ತಾವೇ ಮಾಡಿ ನೋಡಿ, ಚರ್ಚಿಸಿ, ಅಭ್ಯಾಸ ಮಾಡಿದವರದು ಬದಲಾಗುವ ಸಾಧ್ಯತೆ ಕಂಡಿತು. ಅಂದರೆ ಕೇಳಿದ್ದು ಮರುದಿನವೇ ಒಬ್ಬ ರೋಗಿಯ ಹಾಸಿಗೆಯ ಬಳಿ ಬಳಕೆಗೆ ಬರಬೇಕು, ಆಗಲೇ ಅದು ಉಳಿಯುವುದು. ಈಜಿನ ಪುಸ್ತಕ ಓದಿ ಯಾರೂ ಹೊಳೆ ದಾಟಿಲ್ಲ.

ಹಾಗಾದರೆ ಮೊದಲು ಏನು ಕಲಿಯಬೇಕು? ಆ ರಾತ್ರಿ ನಿಮ್ಮನ್ನು ತಡವರಿಸುವಂತೆ ಮಾಡಿದ್ದನ್ನೇ. ಹಿರಿಯರ ದೇಹ ಕಾಯಿಲೆಯನ್ನು ತೋರಿಸುವ ರೀತಿ ಬೇರೆ. ನ್ಯುಮೋನಿಯಾ ಇದ್ದರೂ ಜ್ವರ ಬರದಿರಬಹುದು. ಹೃದಯಾಘಾತವಾದರೂ ಎದೆನೋವು ಇಲ್ಲದಿರಬಹುದು. ಊಟ ಬಿಟ್ಟದ್ದು, ಜಾರಿ ಬಿದ್ದದ್ದು, ಇದ್ದಕ್ಕಿದ್ದಂತೆ ಮಾತು ತಪ್ಪಿದ್ದು, ಇಷ್ಟೇ ಮೊದಲ ಸೂಚನೆಯಾಗಿರಬಹುದು. ಹೀಗೆ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬುದ್ಧಿ ಕದಡುವುದಕ್ಕೆ ಡೆಲಿರಿಯಂ ಎನ್ನುತ್ತೇವೆ. ಊರಿನವರು ಸನ್ನಿ ಎಂದದ್ದೂ ಹಲವು ಸಲ ಇದನ್ನೇ. ಮರೆವಿನ ಕಾಯಿಲೆ ತಿಂಗಳು-ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಡೆಲಿರಿಯಂ ಹಠಾತ್ತಾಗಿ ಬರುತ್ತದೆ, ಮತ್ತು ಅದರ ಹಿಂದೆ ಸೋಂಕು, ಮೂತ್ರ ಕಟ್ಟುವುದು, ಮಲಬದ್ಧತೆ, ನೀರಿನ ಕೊರತೆ, ನೋವು, ಸಕ್ಕರೆ ಇಳಿಯುವುದು ಅಥವಾ ಹೊಸ ಔಷಧಿ, ಹೀಗೆ ಏನಾದರೊಂದು ಕಾರಣ ಇರುತ್ತದೆ. ಆ ಕಾರಣ ಹುಡುಕುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಇದನ್ನು ಗುರುತಿಸಲು ಅಮೆರಿಕದ ಡಾ. ಶಾರನ್ ಇನೌಯೆ 1990ರಲ್ಲಿ ಒಂದು ಸರಳ ವಿಧಾನ ರೂಪಿಸಿದರು. ಅದರಲ್ಲಿ ನೋಡುವುದು ನಾಲ್ಕು ಅಂಶ: ಬದಲಾವಣೆ ಹಠಾತ್ತಾಗಿ ಬಂದು ಏರಿಳಿಯುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ, ಮಾತು-ಯೋಚನೆ ಅಡ್ಡಾದಿಡ್ಡಿಯೇ, ಎಚ್ಚರದ ಮಟ್ಟ ಮಾಮೂಲಿಗಿಂತ ಬೇರೆಯೇ. ಮೊದಲೆರಡು ಇದ್ದು, ಕೊನೆಯೆರಡರಲ್ಲಿ ಒಂದಿದ್ದರೂ ಡೆಲಿರಿಯಂ ಎಂದು ಶಂಕಿಸಬೇಕು. ಗಮನ ಪರೀಕ್ಷಿಸಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ: ಭಾನುವಾರ, ಶನಿವಾರ, ಶುಕ್ರವಾರ… ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಸಂತೆಯ ದಿನ ಬಲ್ಲವಳು, ಹೇಳಬಲ್ಲಳು. ನಿನ್ನೆ ಹೇಳಿದವಳು ಇಂದು ನಡುವೆ ಕಳೆದುಹೋದರೆ ಕೂಡಲೇ ಡಾಕ್ಟರಿಗೆ ತಿಳಿಸಿ.

ಕೂಗಾಡುವ ಅಜ್ಜ ಹೇಗೋ ನಮ್ಮ ಕಣ್ಣಿಗೆ ಬೀಳುತ್ತಾರೆ. ಮೂಲೆಯ ಹಾಸಿಗೆಯಲ್ಲಿ ದಿನವಿಡೀ ಮಂಪರಿನಲ್ಲಿ ಮಲಗಿರುವ ಅಜ್ಜಿಯನ್ನು ‘ಪಾಪ, ಏನೂ ತೊಂದರೆ ಕೊಡಲ್ಲ’ ಎಂದು ಮೆಚ್ಚಿಕೊಂಡು ಮುಂದೆ ಹೋಗುತ್ತೇವೆ. ಸದ್ದಿಲ್ಲದ ಡೆಲಿರಿಯಂ ನಮ್ಮ ಕೈ ತಪ್ಪುವುದು ಹೀಗೆ. ಹೆಚ್ಚು ಭಯಪಡಬೇಕಾದ್ದು ಆ ಮೌನಕ್ಕೆ.

ಇದಕ್ಕೆ ವಾರ್ಡಿನಲ್ಲಿ ಒಂದು ಪದ್ಧತಿ ತನ್ನಿ. ಹಿರಿಯರು ದಾಖಲಾದ ದಿನವೇ ಜೊತೆಗೆ ಬಂದವರನ್ನು ಮೂರು ವಿಷಯ ಕೇಳಿ: ಮನೆಯಲ್ಲಿ ಹೇಗೆ ನಡೆದಾಡುತ್ತಿದ್ದರು, ಹೇಗೆ ಮಾತಾಡುತ್ತಿದ್ದರು, ಹೇಗೆ ಊಟ ಮಾಡುತ್ತಿದ್ದರು. ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಿರಿ. ಪಾಳಿ ಬದಲಾಗುವಾಗ ಬಿ.ಪಿ., ಟೆಂಪರೇಚರ್ ಹೇಳುವ ಜೊತೆಗೇ ಆ ಸಾಲು ಇಂದಿಗೂ ಹಾಗೆಯೇ ಇದೆಯೇ ಎಂದು ಹೇಳಿ. ಡಾಕ್ಟರ್ ಬಂದು ಹೋಗುವುದು ಕೆಲವು ನಿಮಿಷ, ದಿನ-ರಾತ್ರಿ ರೋಗಿಯ ಪಕ್ಕದಲ್ಲಿರುವವರು ನೀವು. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವನ್ನು ಇಡೀ ಆಸ್ಪತ್ರೆಯಲ್ಲಿ ಹೇಳಬಲ್ಲವರು ನೀವೇ.

ಗುರುತಿಸುವುದಕ್ಕಿಂತ ತಡೆಯುವುದು ಮೇಲು, ಅದೂ ನಿಮ್ಮ ಕೈಯಲ್ಲೇ ಇದೆ. ಇನೌಯೆ ತಂಡ 70 ದಾಟಿದ 852 ರೋಗಿಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೆಲಿರಿಯಂ ನೂರಕ್ಕೆ 15ರಿಂದ ಸುಮಾರು 10ಕ್ಕೆ ಇಳಿಯಿತು. ಅವರು ಯಾವ ಹೊಸ ಔಷಧಿಯನ್ನೂ ಕಂಡುಹಿಡಿದಿರಲಿಲ್ಲ. ಕನ್ನಡಕ ಕೊಟ್ಟರು, ಕಿವಿಗೆ ಯಂತ್ರ ಹಾಕಿಸಿದರು, ನೀರು ಕುಡಿಸಿದರು, ದಿನಕ್ಕೆ ಕೆಲವು ಸಲ ನಡೆಸಿದರು, ರಾತ್ರಿ ನಿದ್ದೆ ಕೆಡದಂತೆ ನೋಡಿಕೊಂಡರು, ಇವತ್ತು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುತ್ತಾ ಮಾತಾಡಿಸಿದರು. ಕೈ ಕಟ್ಟುವುದು, ಅಗತ್ಯ ತೀರಿದ ಮೇಲೂ ಕ್ಯಾಥೆಟರ್ ಬಿಡುವುದು, ಎರಡೂ ಡೆಲಿರಿಯಂ ಕರೆತರುತ್ತವೆ ಎಂದೂ ಅವರ ಅಧ್ಯಯನಗಳಲ್ಲಿ ಕಂಡಿದೆ. ಕೂಗಾಡುವವರ ಪಕ್ಕದಲ್ಲಿ ಮನೆಯವರೊಬ್ಬರನ್ನು ಕೂರಿಸಿ, ದೀಪ ಹಾಕಿ, ಮೂತ್ರ ಕಟ್ಟಿದೆಯೇ ಎಂದು ಕಿಬ್ಬೊಟ್ಟೆ ಮುಟ್ಟಿ ನೋಡಿ. ಕಿವಿ ಮಂದವಾದವರ ಹತ್ತಿರ ಕಿರುಚಬೇಡಿ. ವಯಸ್ಸಾದಂತೆ ಮೊದಲು ಮಂಕಾಗುವುದು ತೆಳು, ಏರು ಸ್ಥಾಯಿಯ ಸದ್ದು. ಎದುರು ನಿಂತು, ದನಿಯ ಸ್ಥಾಯಿ ತಗ್ಗಿಸಿ, ಬಿಡಿಸಿ ಹೇಳಿ.

ಈ ರೂಢಿ ಕೈಗೂಡಿದ ಮೇಲೆ ಇನ್ನೆರಡು ವಿಷಯ ಕಲಿಯಿರಿ. ಒಂದು, ನಡಿಗೆ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಮಲಗಿಸಿಟ್ಟ 2007ರ ಅಧ್ಯಯನವೊಂದರಲ್ಲಿ ಕಾಲಿನ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ಕಾಯಿಲೆ ಬಿದ್ದವರ ಗತಿ ಊಹಿಸಿ. ‘ಬೀಳ್ತೀರಿ, ಮಲಗಿ’ ಎಂಬ ನಮ್ಮ ಕಾಳಜಿಯೇ ಅವರನ್ನು ನಡೆಯದಂತೆ ಮಾಡುತ್ತದೆ. ಎರಡು, ಔಷಧಿ. ಹಿರಿಯರಿಗೆ ಅಪಾಯಕಾರಿಯಾಗಬಲ್ಲ ಔಷಧಿಗಳ ಬೀರ್ಸ್ ಪಟ್ಟಿ 1991ರಿಂದಲೂ ಪರಿಷ್ಕರಣೆಗೊಳ್ಳುತ್ತಾ ಬಂದಿದೆ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಹಿರಿಯರಲ್ಲಿ ಸಕ್ಕರೆಯನ್ನು ಬಹಳ ಹೊತ್ತು ಇಳಿಸಿಡಬಹುದು. ನಿದ್ದೆ ಬರಲೆಂದು ಕೊಡುವ ಪ್ರೊಮೆಥಜಿನ್ ಇಂಜೆಕ್ಷನ್ ಬುದ್ಧಿಯನ್ನು ಕದಡಬಹುದು, ಮೂತ್ರವನ್ನೂ ಕಟ್ಟಿಸಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಆದರೆ ‘ಡಾಕ್ಟ್ರೇ, ಈ ವಯಸ್ಸಿಗೆ ಇದು ಸರಿಯೇ?’ ಎಂದು ಕೇಳುವಷ್ಟು ತಿಳಿದಿರಿ.

ಒಬ್ಬರೇ ಸಿಸ್ಟರ್ ಇಡೀ ವಾರ್ಡು ನೋಡುವ ರಾತ್ರಿಗಳಲ್ಲಿ ಇದೆಲ್ಲ ಎಲ್ಲರಿಗೂ ಆಗದು. ಎಂಬತ್ತು ದಾಟಿದವರು, ಮೊದಲೇ ಮರೆವಿರುವವರು, ಸೊಂಟದ ಮೂಳೆ ಮುರಿದವರು, ತೀವ್ರ ಸೋಂಕಿನವರು, ಇವರಿಂದ ಶುರು ಮಾಡಿ. ಸಿಬ್ಬಂದಿ ಸಾಲದು ಎಂಬುದನ್ನು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರವಣಿಗೆಯಲ್ಲಿ ಕೊಡಿ. ವ್ಯವಸ್ಥೆಯ ಕೊರತೆಯನ್ನು ನಿಮ್ಮ ಆತ್ಮಸಾಕ್ಷಿಯ ಮೇಲೆ ಹೊತ್ತುಕೊಳ್ಳಬೇಡಿ.

ಇನ್ನು ಕೋರ್ಸಿನ ಮಾತು. ಗೆಳತಿ ಹೇಳಿದ್ದು ಬಹುಶಃ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ರೂಪಿಸಿರುವ ಹಿರಿಯರ ಶುಶ್ರೂಷೆಯ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಅದು ಒಂದು ವರ್ಷದ ಪೂರ್ಣಾವಧಿ ಓದು. ಇಗ್ನೋದ ವೃದ್ಧವೈದ್ಯ ಸ್ನಾತಕೋತ್ತರ ಡಿಪ್ಲೊಮಾ ವೈದ್ಯರಿಗೆ ಮಾತ್ರ, ಅದರ ಜಾಹೀರಾತು ನೋಡಿ ಗೊಂದಲಕ್ಕೆ ಬೀಳಬೇಡಿ. ಸೇರುವ ಮುನ್ನ ರಜೆ-ಸಂಬಳದ ನಿಯಮವನ್ನು ಇಲಾಖೆಯಲ್ಲೂ, ಕಾಲೇಜಿನ ಮಾನ್ಯತೆಯನ್ನು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲೂ ಕೇಳಿಕೊಳ್ಳಿ. ಅದಕ್ಕಿಂತ ಹತ್ತಿರದ ದಾರಿಗಳೂ ಇವೆ. ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಹಿರಿಯರಿಗೆ ಹತ್ತು ಹಾಸಿಗೆಯ ವಾರ್ಡ್ ಇರಬೇಕು, ಸಿಬ್ಬಂದಿಗೆ ತರಬೇತಿಯೂ ಅದರ ಭಾಗ. ಅಲ್ಲಿ ಕೆಲವು ದಿನ ಕಲಿಕೆಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರ ಆರೈಕೆಯಲ್ಲಿ ತರಬೇತಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಐಕೋಪ್’ ಕೈಪಿಡಿ ಉಚಿತ. ನೆನಪು, ನಡಿಗೆ, ಪೋಷಣೆ, ಕಣ್ಣು, ಕಿವಿ, ಮನಸ್ಸು, ಈ ಆರನ್ನು ಪರೀಕ್ಷಿಸುವ ಕ್ರಮ ಅದರಲ್ಲಿದೆ. ಇಂಗ್ಲಿಷ್ ನಿಧಾನವಾದರೆ ಹೊಸ ಡಾಕ್ಟರ್ ಜೊತೆ ವಾರಕ್ಕೊಂದು ಪುಟ ಓದಿ. ಅವರಿಗೆ ನಿಮ್ಮ ಅನುಭವ ಬೇಕು, ನಿಮಗೆ ಅವರ ಓದು ಬೇಕು. ರೋಗಿಯ ಗಮನ, ನೋವು, ದುಃಖ ಅಳೆಯುವ ಮಾತುಕತೆ ನಡೆಯುವುದಂತೂ ಅವರ ಊರಿನ ಕನ್ನಡದಲ್ಲೇ, ಅದರಲ್ಲಿ ನಿಮಗೆ ಸಾಟಿಯಿಲ್ಲ.

ಅತ್ತೆಯವರ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಹಗಲು ವಾರ್ಡ್, ರಾತ್ರಿ ಮನೆ, ಎರಡೂ ಕಡೆ ಆರೈಕೆ ಮಾಡುವವರಿಗೆ ಓದಲು ಉಸಿರೇ ಇರುವುದಿಲ್ಲ. ಯಜಮಾನರನ್ನೂ ಮಕ್ಕಳನ್ನೂ ಕೂರಿಸಿ ಕೆಲಸ ಹಂಚಿ. ಮಗ್ಗುಲು ಬದಲಿಸುವುದು, ಸ್ವಲ್ಪ ಎಬ್ಬಿಸಿ ಕೂರಿಸಿ ಉಣಿಸುವುದು, ಚರ್ಮ ಕೆಂಪಾಗಿದೆಯೇ ನೋಡುವುದು, ಇವನ್ನು ಅವರಿಗೆ ಕಲಿಸಿ. ಮನೆಯಲ್ಲಿ ಇನ್ನೊಂದು ಜೊತೆ ಕೈ ಸಿದ್ಧವಾಗುವವರೆಗೆ ಒಂದು ವರ್ಷದ ಓದಿಗೆ ಹೆಸರು ಕೊಡಬೇಡಿ.

ಸರ್ಕಾರಿ ಸೇವೆಯಲ್ಲಿ ನಿಮಗೆ ಇನ್ನೂ 13 ವರ್ಷಗಳಿವೆ. ಆರು ತಿಂಗಳು ನಿಮ್ಮ ವಾರ್ಡಿನಲ್ಲೇ ಈ ಅಭ್ಯಾಸ ಮಾಡಿ, ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಗ ಉತ್ತರ ಸಿಗದ ಪ್ರಶ್ನೆಗಳು ಪುಟ ತುಂಬಿದ್ದರೆ ಡಿಪ್ಲೊಮಾಗೆ ಅರ್ಜಿ ಹಾಕಿ. ಆ ಪ್ರಶ್ನೆಗಳೊಂದಿಗೆ ತರಗತಿಯಲ್ಲಿ ಕೂತವರಿಗೆ ಪಾಠ ಮರೆಯುವುದಿಲ್ಲ. ಪ್ರಶ್ನೆಗಳಿಗೆ ವಾರ್ಡಿನಲ್ಲೇ ಉತ್ತರ ಸಿಗುತ್ತಿದ್ದರೆ ಅಲ್ಲೇ ಮುಂದುವರಿಯಿರಿ, ಕಲಿತದ್ದನ್ನು ಕಿರಿಯ ಸಿಸ್ಟರುಗಳಿಗೂ ಬ್ರದರುಗಳಿಗೂ ಹೇಳಿಕೊಡಿ.