ಹಳೆಯ ಕಾರಿಗೆ ಸೀಟ್ ಬೆಲ್ಟ್

ಚಲಿಸುತ್ತಿರುವ ವಸ್ತುವು, ಹೊರಗಿನ ಬಲವೊಂದು ಬಂದು ತಡೆಯುವವರೆಗೆ, ಅದೇ ವೇಗದಿಂದ ಅದೇ ನೇರದಲ್ಲಿ ಚಲಿಸುತ್ತಲೇ ಇರುತ್ತದೆಂಬ ನ್ಯೂಟನ್ನನ ಮೊದಲನೆಯ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸೂಲಿಬೆಲೆಯಿಂದ ಹೊಸಕೋಟೆಗೆ ತರಕಾರಿ ಸಾಗಿಸುವ ರೈತನು ಮೂಟೆಗಳಿಗೆ ಹಗ್ಗ ಬಿಗಿಯದೆ ಗಾಡಿಯನ್ನು ಹೊರಡಿಸುವುದಿಲ್ಲ. ಗಾಡಿ ನಿಂತರೂ ಮೂಟೆ ನಿಲ್ಲದೆಂಬುದನ್ನು ಅವನು ಅನುಭವದಿಂದ ಅರಿತಿದ್ದಾನೆ. ಮನುಷ್ಯನ ದೇಹವೂ ಈ ವಿಷಯದಲ್ಲಿ ಮೂಟೆಗಿಂತ ಭಿನ್ನವಲ್ಲ. ಆದರೂ ಮೂಟೆಗೆ ದೊರೆಯುವ ಹಗ್ಗವು ಎಷ್ಟೋ ಹಳೆಯ ಕಾರುಗಳಲ್ಲಿ ಮನುಷ್ಯನಿಗೆ ದೊರೆಯುವುದಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳನ್ನು ಹಾದು ಹೊಸಕೋಟೆಯನ್ನು ಮುಟ್ಟುವ ಹೆದ್ದಾರಿಯು ಈಗ ವಿಶಾಲವಾಗಿದೆ. ವಾಹನಗಳ ವೇಗವೂ ಹೆಚ್ಚಿದೆ. ಇಂತಹ ರಸ್ತೆಗೆ ಹಳೆಯ ಅಂಬಾಸಿಡರ್, ಫಿಯಟ್, ಜೀಪುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರೂ ಇಳಿಯಬೇಕಾಗುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳ ಮುಂದಿನ ಆಸನಗಳಿಗೆ ಸೀಟ್ ಬೆಲ್ಟ್ ಇರಲೇಬೇಕೆಂಬ ನಿಯಮವು ಜಾರಿಗೆ ಬಂದುದು 1994ರಲ್ಲಿ. ಅದಕ್ಕೆ ಮೊದಲಿನ ಅನೇಕ ಗಾಡಿಗಳಲ್ಲಿ ಬೆಲ್ಟ್ ಇಲ್ಲ. ಕಾನೂನು ಅವುಗಳಿಗೆ ವಿನಾಯಿತಿ ಕೊಟ್ಟಿರಬಹುದು, ಜಡತ್ವವು ಕೊಟ್ಟಿಲ್ಲ. ಆದ್ದರಿಂದ ಹಳೆಯ ಕಾರಿಗೆ ಬೆಲ್ಟ್ ಜೋಡಿಸುವುದು ಹೇಗೆ, ಅದರ ಹಿಂದಿನ ಭೌತಶಾಸ್ತ್ರವೇನು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಬಲದ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಈ ವೇಗದಲ್ಲಿ 60 ಕಿಲೋಗ್ರಾಂ ತೂಗುವ ವ್ಯಕ್ತಿಯ ಚಲನಶಕ್ತಿಯು ಸುಮಾರು 5,800 ಜೂಲ್. ಹತ್ತು ಮೀಟರ್ ಆಳದ ಬತ್ತಿದ ಬಾವಿಗೆ ಬಿದ್ದವನು ತಳವನ್ನು ಮುಟ್ಟುವ ವೇಗವೂ ಹೆಚ್ಚುಕಡಿಮೆ ಇಷ್ಟೇ. ಗಂಟೆಗೆ 80 ಕಿಲೋಮೀಟರಾದರೆ ಬಾವಿಯ ಆಳ 25 ಮೀಟರಿಗೆ ಏರುತ್ತದೆ. ಬಾವಿಯ ಕಟ್ಟೆಯ ಬಳಿ ಎಚ್ಚರದಿಂದ ನಡೆಯುವ ನಾವು ಕಾರಿನಲ್ಲಿ ನಿಶ್ಚಿಂತೆಯಿಂದ ಕೂರುವುದು, ಆ ಆಳವು ಕಣ್ಣಿಗೆ ಕಾಣದಿರುವುದರಿಂದಲೇ.

ಈ ಶಕ್ತಿಯು ಎಷ್ಟು ದೂರದಲ್ಲಿ ವ್ಯಯವಾಗುವುದೆಂಬುದೇ ಮುಖ್ಯ ಪ್ರಶ್ನೆ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ಆದುದರಿಂದ ದೂರ ಕಡಿಮೆಯಾದಷ್ಟೂ ಬಲ ಹೆಚ್ಚುತ್ತದೆ. ಬೆಲ್ಟ್ ಧರಿಸಿದವನು ಕಾರಿನೊಡನೆಯೇ ನಿಲ್ಲುತ್ತಾನೆ. ಕಾರಿನ ಮೂತಿ ನಜ್ಜುಗುಜ್ಜಾಗುವುದು, ಬೆಲ್ಟ್ ಹಿಗ್ಗುವುದು, ಎರಡೂ ಸೇರಿ ಅರ್ಧ ಮೀಟರ್ ದೂರ ದೊರೆಯಿತೆನ್ನೋಣ. ಆಗ ಸರಾಸರಿ ಬಲ 11,600 ನ್ಯೂಟನ್. ಎಂದರೆ ದೇಹದ ತೂಕದ 20 ಪಟ್ಟು. ಬೆಲ್ಟ್ ಇಲ್ಲದವನಾದರೋ, ಕಾರು ನಿಂತ ಮೇಲೂ ಮುಂದಕ್ಕೆ ಸಾಗಿ ಸ್ಟಿಯರಿಂಗಿಗೋ ಗಾಜಿಗೋ ಬಡಿಯುತ್ತಾನೆ. ಅಲ್ಲಿ ಐದು ಸೆಂಟಿಮೀಟರಿನಲ್ಲಿ ನಿಂತರೆ ಬಲವು ಹತ್ತು ಪಟ್ಟಾಗುತ್ತದೆ. ಅದೂ ತಲೆ ಅಥವಾ ಎದೆಯ ಸಣ್ಣದೊಂದು ಭಾಗದ ಮೇಲೆ.

ಚೆನ್ನಾಗಿ ಬಿಗಿದ ದೇಹವು ಎಂತಹ ಬಲವನ್ನು ತಾಳಬಲ್ಲುದೆಂಬುದನ್ನು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ತನ್ನ ಮೇಲೆಯೇ ಪ್ರಯೋಗಿಸಿ ತೋರಿಸಿದನು. 1954ರ ಡಿಸೆಂಬರ್ 10ರಂದು ರಾಕೆಟ್ಟಿನಿಂದ ಓಡುವ ಬಂಡಿಯಲ್ಲಿ ಆತನು ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ವೇಗವನ್ನು ಪಡೆದು, ಸುಮಾರು 1.4 ಸೆಕೆಂಡಿನಲ್ಲಿ ನಿಂತನು. ಒಂದು ಕ್ಷಣ ಅವನ ಮೇಲೆ ಬಿದ್ದ ಬಲ ತೂಕದ 46 ಪಟ್ಟು. ಕಣ್ಣುಗಳಲ್ಲಿ ರಕ್ತ ಒಸರಿದರೂ ಚೇತರಿಸಿಕೊಂಡನು. 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಇಂದು ಎಲ್ಲೆಡೆ ಬಳಕೆಯಲ್ಲಿರುವ ಮೂರು ನೆಲೆಗಳ ಬೆಲ್ಟನ್ನು ರೂಪಿಸಿದನು. ಕಂಪನಿಯು ಅದರ ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

ಇನ್ನು ಜೋಡಣೆಯ ವಿಚಾರ. ಬೆಲ್ಟ್ ಎಷ್ಟೇ ಗಟ್ಟಿಯಾಗಿದ್ದರೂ ಅದು ನೆಲೆನಿಂತ ಸ್ಥಳವು ಕಿತ್ತುಬಂದರೆ ವ್ಯರ್ಥ. ಯುರೋಪಿನ ಪರೀಕ್ಷೆಯಲ್ಲಿ ಸೊಂಟದ ಬೆಲ್ಟಿನ ನೆಲೆಗಳು 22,250 ನ್ಯೂಟನ್ ಸೆಳೆತವನ್ನು ತಾಳಬೇಕು. ಎರಡು ತುದಿಗಳಿಗೆ ಹಂಚಿದರೆ ಒಂದೊಂದಕ್ಕೆ 11,000 ನ್ಯೂಟನ್ನಿಗೂ ಹೆಚ್ಚು. ಎಂದರೆ ಒಂದು ಟನ್ ಭಾರವನ್ನು ತೂಗುಹಾಕಿದಂತೆ. ಹಳೆಯ ಕಾರಿನ ನೆಲದ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪವೆಂದು ಭಾವಿಸೋಣ. ಅದಕ್ಕೆ ತೂತು ಕೊರೆದು, 25 ಮಿಲಿಮೀಟರ್ ವ್ಯಾಸದ ವಾಷರಿನೊಡನೆ ಬೋಲ್ಟನ್ನು ಬಿಗಿದರೆ, ಆ ಬೋಲ್ಟು ಕಿತ್ತುಬರುವಾಗ ವಾಷರಿನ ಸುತ್ತಳತೆಯಷ್ಟು ತಗಡು ಕತ್ತರಿಸಬೇಕು. ಸುತ್ತಳತೆ 78.5 ಮಿಲಿಮೀಟರ್, ಮೆದು ಉಕ್ಕನ್ನು ಕತ್ತರಿಸಲು ಚದರ ಮಿಲಿಮೀಟರಿಗೆ ಸುಮಾರು 250 ನ್ಯೂಟನ್ ಬೇಕು. ಒಟ್ಟು ಬಲ 19,600 ನ್ಯೂಟನ್. ಸಾಲುವಂತೆ ತೋರುತ್ತದೆ. ಆದರೆ ತುಕ್ಕು ಅರ್ಧ ದಪ್ಪವನ್ನು ತಿಂದಿದ್ದರೆ ಉಳಿಯುವುದು 9,800 ನ್ಯೂಟನ್ ಮಾತ್ರ. ಬೆಲ್ಟ್ ಕೈಕೊಡುವುದು ಆಗಲೇ. ವಾಸ್ತವದಲ್ಲಿ ತಗಡು ಮಣಿದು ಹರಿಯುವುದರಿಂದ ಇನ್ನೂ ಕಡಿಮೆ ಬಲಕ್ಕೆ ಸೋಲಬಹುದು.

ಪರಿಹಾರ ಸರಳ. ತಗಡಿನ ಅಡಿಯಲ್ಲಿ 64 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯನ್ನಿಟ್ಟರೆ, ಕತ್ತರಿಸಬೇಕಾದ ಸುತ್ತಳತೆ 256 ಮಿಲಿಮೀಟರಾಗುತ್ತದೆ. ಬಲವೂ ಮೂರು ಪಟ್ಟಿಗಿಂತ ಹೆಚ್ಚುತ್ತದೆ. ಅಂತರರಾಷ್ಟ್ರೀಯ ಮೋಟಾರು ಪಂದ್ಯಗಳ ನಿಯಮವೂ ಇಂತಹ ಪಟ್ಟಿಗೆ ಕನಿಷ್ಠ 40 ಚದರ ಸೆಂಟಿಮೀಟರ್ ವಿಸ್ತೀರ್ಣವನ್ನೂ 3 ಮಿಲಿಮೀಟರ್ ದಪ್ಪವನ್ನೂ ವಿಧಿಸುತ್ತದೆ. ಪಟ್ಟಿಯ ಮೂಲೆಗಳನ್ನು ಉರುಟುಗೊಳಿಸಬೇಕು. ಇಲ್ಲವಾದರೆ ಅವೇ ತಗಡನ್ನು ಸೀಳುತ್ತವೆ. ತುಕ್ಕು ಹಿಡಿದ ಭಾಗವನ್ನು ಮೊದಲು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ತೂತು ಕೊರೆಯುವ ಮುನ್ನ ಕೆಳಗೆ ಬ್ರೇಕಿನ ಕೊಳವೆಯಾಗಲಿ ಪೆಟ್ರೋಲ್ ಟ್ಯಾಂಕಾಗಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬೋಲ್ಟುಗಳು ಸೀಟ್ ಬೆಲ್ಟಿಗೆಂದೇ ತಯಾರಾದ ಗಟ್ಟಿ ಉಕ್ಕಿನವೇ ಆಗಿರಬೇಕು; ಅಂಗಡಿಯ ಸಾಮಾನ್ಯ ಬೋಲ್ಟು ಸಲ್ಲದು.

ನೆಲೆಯ ಎತ್ತರವೂ ಮುಖ್ಯ. ಹೆಗಲ ಬೆಲ್ಟಿನ ಮೇಲಿನ ನೆಲೆಯು ಹೆಗಲಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರಬೇಕು. ಕೆಲವರು ಸುಲಭವೆಂದು ಅದನ್ನು ಆಸನದ ಹಿಂದಿನ ನೆಲಕ್ಕೆ ಬಿಗಿಯುತ್ತಾರೆ. ಆಗ ಬೆಲ್ಟ್ ಹೆಗಲಿನ ಹಿಂದೆ 60 ಡಿಗ್ರಿ ಕೆಳಕ್ಕೆ ಇಳಿಯಿತೆಂದೂ ಅದರ ಸೆಳೆತ 4,000 ನ್ಯೂಟನ್ ಎಂದೂ ಇಟ್ಟುಕೊಂಡರೆ, ಅದರ ಲಂಬ ಘಟಕ ಸುಮಾರು 3,460 ನ್ಯೂಟನ್. 350 ಕಿಲೋಗ್ರಾಂ ಭಾರವನ್ನು ಒಮ್ಮೆಲೇ ಹೆಗಲಿಗೆ ಹೇರಿದಂತೆ! ಬೆನ್ನುಮೂಳೆಯನ್ನು ಕಾಯಬೇಕಾದ ಸಾಧನವೇ ಅದನ್ನು ಅಮುಕುತ್ತದೆ. ಅಂಬಾಸಿಡರಿನಲ್ಲಿ ಎರಡು ಬಾಗಿಲುಗಳ ನಡುವೆ ಕಂಬವುಂಟು. ಅದರೊಳಗೆ ಬಲವರ್ಧಕ ಪಟ್ಟಿಯನ್ನು ಬೆಸೆದು ನೆಲೆ ಮಾಡಬಹುದು. ತೆರೆದ ಜೀಪಿನಲ್ಲಿ ಅಂತಹ ಕಂಬವಿಲ್ಲ. ಅಲ್ಲಿ ಸೊಂಟದ ಬೆಲ್ಟಿಗೆ ತೃಪ್ತರಾಗಬೇಕು. ಅದು ಎದೆಯನ್ನು ತಡೆಯಲಾರದು. ಆದರೆ ಹೊರಕ್ಕೆ ಎಸೆಯಲ್ಪಡುವುದನ್ನು ತಪ್ಪಿಸುತ್ತದೆ. ಸೊಂಟದ ಬೆಲ್ಟ್ ಹೊಟ್ಟೆಯ ಮೇಲಲ್ಲದೆ ಕಟಿಯ ಎಲುಬಿನ ಮೇಲೆ ಕೂರುವಂತೆ ಅದರ ನೆಲೆಗಳನ್ನು ಆರಿಸಬೇಕು.

ತಾನಾಗಿ ಸುತ್ತಿಕೊಳ್ಳುವ ಬೆಲ್ಟಿನ ಸುರುಳಿಪೆಟ್ಟಿಗೆಯಲ್ಲಿ ಸಣ್ಣ ಗುಂಡು ಅಥವಾ ಲೋಲಕವಿರುತ್ತದೆ. ಕಾರು ಥಟ್ಟನೆ ನಿಂತಾಗ ಅದು ಮುಂದಕ್ಕೆ ಸರಿದು ಹಲ್ಲುಚಕ್ರವನ್ನು ಹಿಡಿಯುತ್ತದೆ. ಗುರುತ್ವವನ್ನೇ ಆಧರಿಸಿದ ಈ ಯಂತ್ರವನ್ನು ತಯಾರಕರು ಹೇಳಿದ ಕೋನದಲ್ಲಿಯೇ ನಿಲ್ಲಿಸಬೇಕು. ವಾಲಿಸಿದರೆ ಸದಾ ಬಿಗಿದುಕೊಳ್ಳಬಹುದು, ಅಥವಾ ಬೇಕಾದಾಗ ಹಿಡಿಯದಿರಬಹುದು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಬೆಲ್ಟನ್ನು ಕೊಳ್ಳಲಾಗದು. ಅಪಘಾತವೊಂದರಲ್ಲಿ ಹಿಗ್ಗಿದ ನೇಯ್ಗೆಯು ಶಕ್ತಿಯನ್ನು ಹೀರುವ ತನ್ನ ಗುಣವನ್ನು ಆಗಲೇ ವ್ಯಯಿಸಿರುತ್ತದೆ; ಹೊರನೋಟಕ್ಕೆ ಅದು ತಿಳಿಯದು.

ಹಾಗೆಂದು ಎಲ್ಲ ಹಳೆಯ ಕಾರುಗಳಿಗೂ ತೂತು ಕೊರೆಯಬೇಕೆಂದಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂತಹ, ನೋಡುವುದಕ್ಕೆಂದೇ ನಿಲ್ಲಿಸಿದ ಕಾರುಗಳು ಮೂಲರೂಪದಲ್ಲಿಯೇ ಇರುವುದು ಲೇಸು. ಮೈಕಟ್ಟಿಗೆ ಮರದ ಚೌಕಟ್ಟುಳ್ಳ ಬಹು ಹಳೆಯ ಗಾಡಿಗಳಲ್ಲಿ ಮರಕ್ಕೆ ಬಿಗಿದ ನೆಲೆಯನ್ನು ನಂಬಲಾಗದು. 50 ವರ್ಷ ಮೀರಿದ ವಾಹನಗಳನ್ನು ಪಾರಂಪರಿಕವೆಂದು ನೋಂದಾಯಿಸುವ 2021ರ ಕೇಂದ್ರ ನಿಯಮವು, ಮೈಕಟ್ಟು, ಚಾಸಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಇರಬಾರದೆನ್ನುತ್ತದೆ. ಅಂತಹ ನೋಂದಣಿಯನ್ನು ಬಯಸುವವರು ಮೊದಲೇ ಸಾರಿಗೆ ಅಧಿಕಾರಿಗಳ ಅಭಿಪ್ರಾಯವನ್ನು ಪಡೆಯುವುದು ಒಳ್ಳೆಯದು. ಆದರೆ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಕಾರಿನ ಮಾತು ಬೇರೆ. ಅಲ್ಲಿ ಕಾರಿನ ಮೂಲರೂಪಕ್ಕಿಂತ ಅದರೊಳಗಿನವರ ಮೂಲರೂಪವು ಉಳಿಯುವುದು ಮುಖ್ಯ.

ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಲಿ: ವೇಗವು ಗಂಟೆಗೆ 50ರಿಂದ 100 ಕಿಲೋಮೀಟರಿಗೆ ಏರಿದರೆ ಬಾವಿಯ ಆಳವೆಷ್ಟು? ನಿಲ್ಲುವ ದೂರ ಅಷ್ಟೇ ಇದ್ದರೆ ಬೆಲ್ಟಿನ ಮೇಲಿನ ಬಲ ಎಷ್ಟು ಪಟ್ಟು? ಉತ್ತರ ದೊರೆತ ಮೇಲೆ, ಮನೆಯಲ್ಲಿ ಹಳೆಯ ಕಾರಿರುವವರು ಅದನ್ನು ಹಿರಿಯರಿಗೂ ತೋರಿಸಲಿ.