ನಾಯಿಮರಿಯನ್ನು ಬಯಲಿಗೆ ಬಿಡುವ ಕಾಲ

ಬೇರಿಕೆಯಂತಹ ಊರಿನಲ್ಲಿ ನಾಯಿಮರಿಗೆ ಮನೆ ಬೇರೆ, ಬೀದಿ ಬೇರೆ ಎಂಬ ಭೇದವಿಲ್ಲ. ನಾಲ್ಕು ಹೆಜ್ಜೆ ಇಡಲು ಕಲಿತೊಡನೆಯೇ ಅದು ಮಕ್ಕಳ ಹಿಂದೆ ಓಡುತ್ತದೆ. ಅದನ್ನು ಹೊರಗೆ ಬಿಡಬಹುದೆ, ಕೂಡದೆ ಎಂಬುದನ್ನು ಮರಿಯ ಉತ್ಸಾಹದಿಂದಲ್ಲ, ವಯಸ್ಸಿನಿಂದ ನಿರ್ಣಯಿಸತಕ್ಕುದು.

ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗನಿರೋಧಕ ಶಕ್ತಿ ಬರುತ್ತದೆ; ವಾರಗಳು ಕಳೆದಂತೆ ಕುಂದುತ್ತದೆ. ವಿಚಿತ್ರವೆಂದರೆ, ಆ ಶಕ್ತಿ ಉಳಿದಿರುವಷ್ಟು ದಿನ ನಾವು ಹಾಕಿಸಿದ ಲಸಿಕೆಯನ್ನೂ ಅದು ನಿಷ್ಫಲಗೊಳಿಸಬಲ್ಲದು. ಆದುದರಿಂದಲೇ 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 16 ವಾರಗಳು ತುಂಬುವವರೆಗೆ 3–4 ವಾರಗಳಿಗೊಮ್ಮೆ ಲಸಿಕೆಯನ್ನು ಪುನಃ ಹಾಕಿಸುವುದು. 1978ರಲ್ಲಿ ಗುರುತಿಸಲ್ಪಟ್ಟ ಪಾರ್ವೊ ವಿಷಾಣುವು ರಕ್ತಭೇದಿಯನ್ನುಂಟುಮಾಡಿ ಮರಿಗಳನ್ನು ಕೊಲ್ಲುತ್ತದೆ. ರೋಗಿ ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಬೀದಿ ಶುಚಿಯಾಗಿ ಕಂಡಿತೆಂಬುದು ಪ್ರಮಾಣವಲ್ಲ.

ಹಾಗೆಂದು ಮೂಲೆಯಲ್ಲಿ ಕಟ್ಟಿಹಾಕುವುದೂ ತರವಲ್ಲ. 3ರಿಂದ 14 ವಾರಗಳ ನಡುವೆ ಜನ, ಸದ್ದು, ದನಕರುಗಳನ್ನು ಕಾಣದ ಮರಿಯು ಅಂಜುಬುರುಕವಾಗಿ, ಮುಂದೆ ಆ ಅಂಜಿಕೆಯಿಂದಲೇ ಕಚ್ಚಬಹುದು. ಎತ್ತಿಕೊಂಡು ಬೀದಿಯನ್ನು ತೋರಿಸಿರಿ. ಬೇಲಿಯುಳ್ಳ ಅಂಗಳದಲ್ಲಿ ಆಡಿಸಿರಿ. ಔಷಧ ಸಿಂಪಡಿಸಿದ ಗುಲಾಬಿ ತೋಟಕ್ಕೆ ಮಾತ್ರ ಬಿಡಬೇಡಿರಿ.

ಹುಚ್ಚುನಾಯಿ ರೋಗದ ಲಸಿಕೆಯನ್ನು 3 ತಿಂಗಳಿಗೆ ಹಾಕಿಸಬೇಕು. ಮರಿಯು ಕಚ್ಚಿದರೆ, ಹಾಲುಹಲ್ಲಿನ ಗೀರೆಂದು ಉದಾಸೀನ ಮಾಡದೆ, 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬಾಲಕರು ಚುಚ್ಚುಮದ್ದಿಗೆ ಹೆದರಿ ಗಾಯವನ್ನು ಮುಚ್ಚಿಡುವುದುಂಟು. 1907ರಲ್ಲಿ ಸ್ಥಾಪಿತವಾದ ಕೂನೂರಿನ ಪಾಶ್ಚರ್ ಸಂಸ್ಥೆಯು ದಶಕಗಳ ಕಾಲ ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಲಸಿಕೆಯನ್ನು ಹೊಟ್ಟೆಗೆ ಚುಚ್ಚುತ್ತಿದ್ದುದು ನಿಜ. ಈಗ ತೋಳಿಗೆ ಕೆಲವೇ ಚುಚ್ಚುಮದ್ದುಗಳು.